ನಾವಿಕನಿಗೂ ತೆರೆಯಲಿ ವಿಶ್ವವಿದ್ಯಾಲಯದ ಬಾಗಿಲು

ಯುದ್ಧನೌಕೆಯೊಂದು ಬಂದರನ್ನು ಬಿಟ್ಟು ಹೊರಡುವಾಗ ಅದರೊಳಗೆ ಎರಡು ಸಮಾಜಗಳಿರುತ್ತವೆ. ಒಂದು ಆದೇಶ ನೀಡುವ ಅಧಿಕಾರಿಗಳದ್ದು, ಇನ್ನೊಂದು ಆ ಆದೇಶವನ್ನು ಪಾಲಿಸುವ ನಾವಿಕರದ್ದು. ಇವರ ಸಮವಸ್ತ್ರ ಬೇರೆ, ಊಟದ ಕೋಣೆ ಬೇರೆ, ಮಲಗುವ ಜಾಗ ಬೇರೆ. ಶಿಸ್ತಿನ ದೃಷ್ಟಿಯಿಂದ ಇಂತಹ ವ್ಯವಸ್ಥೆ ಅನಿವಾರ್ಯವೆಂದು ಜಗತ್ತಿನ ಎಲ್ಲ ನೌಕಾಪಡೆಗಳೂ ನಂಬಿವೆ. ನಾವು ಅದನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಈ ಎರಡು ಸಮಾಜಗಳ ನಡುವಿನ ಗೋಡೆ ಯಾವುದರಿಂದ ಕಟ್ಟಲ್ಪಟ್ಟಿದೆ? ಸಾಮರ್ಥ್ಯದಿಂದಲೋ, ಇಲ್ಲವೇ ಹದಿನೇಳನೆಯ ವಯಸ್ಸಿನಲ್ಲಿ ಒಬ್ಬನಿಗೆ ದೊರೆತು ಇನ್ನೊಬ್ಬನಿಗೆ ದೊರೆಯದೆ ಹೋದ ಅವಕಾಶದಿಂದಲೋ?

ಈ ಪ್ರಶ್ನೆಗೆ ನಮ್ಮ ದೇಶದ್ದೇ ಉದಾಹರಣೆಯಿದೆ. ಕೇರಳದ ಕಣ್ಣೂರು ಜಿಲ್ಲೆಯ ಎಳಿಮಲದಲ್ಲಿ 2009ರಲ್ಲಿ ಉದ್ಘಾಟನೆಗೊಂಡ ಭಾರತೀಯ ನೌಕಾ ಅಕಾಡೆಮಿಯಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಜೆಇಇ ಮೇನ್ ಪರೀಕ್ಷೆಯಲ್ಲಿ ಉತ್ತಮ ರ‍್ಯಾಂಕ್ ಪಡೆದು, ಆಯ್ಕೆ ಮಂಡಳಿಯ ಸಂದರ್ಶನದಲ್ಲಿ ಗೆದ್ದ ಯುವಕರನ್ನು ಸರಕಾರವೇ ಅಲ್ಲಿ ನಾಲ್ಕು ವರ್ಷ ಸಾಕಿ, ಓದಿಸಿ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬಿ.ಟೆಕ್ ಪದವಿ ಕೊಡಿಸಿ ಅಧಿಕಾರಿಗಳನ್ನಾಗಿ ಮಾಡುತ್ತದೆ. ಅದೇ ಪಿಯುಸಿಯಲ್ಲಿ ಅದೇ ಗಣಿತ, ಅದೇ ಭೌತಶಾಸ್ತ್ರ ಓದಿದ ಇನ್ನೊಬ್ಬ ಯುವಕ ನಾವಿಕನಾಗಿ ಸೇರಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಪ್ರಾಥಮಿಕ ತರಬೇತಿಗೆ ಹೋಗುತ್ತಾನೆ. ಇಬ್ಬರ ನಡುವಿನ ಅಂತರ ಎಷ್ಟೋ ಸಲ ಬುದ್ಧಿಯದ್ದಲ್ಲ. ಒಬ್ಬನ ತಂದೆಗೆ ಎರಡು ವರ್ಷದ ಕೋಚಿಂಗ್ ಶುಲ್ಕ ಕಟ್ಟುವ ಶಕ್ತಿಯಿತ್ತು, ಇನ್ನೊಬ್ಬನ ತಂದೆಗೆ ಮಗ ತಿಂಗಳ ಸಂಬಳ ಮನೆಗೆ ಕಳುಹಿಸಿದರೆ ಸಾಕಿತ್ತು. ಈ ಒಂದು ಕವಲಿನಲ್ಲಿ ದಾರಿ ಬೇರೆಯಾದವರು ಮತ್ತೆ ಒಂದೇ ದಾರಿಯಲ್ಲಿ ಸಂಧಿಸುವುದು ಅಪರೂಪ.

ಕಲಿಯುವ ಹಸಿವು ನಾವಿಕನಿಗಿಲ್ಲ ಎನ್ನುವಂತಿಲ್ಲ. ಇಂದಿನ ನೌಕೆಯಲ್ಲಿ ಹಗ್ಗ ಎಳೆದು ಡೆಕ್ ತೊಳೆಯುವ ಕೆಲಸಕ್ಕಿಂತ ಯಂತ್ರಗಳ ಕೆಲಸವೇ ಹೆಚ್ಚು. 2022ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ ನಾಲ್ಕು ಗ್ಯಾಸ್ ಟರ್ಬೈನ್‌ಗಳ ಬಲದಿಂದ ಚಲಿಸುವ ನೌಕೆ. ಟರ್ಬೈನ್, ಜನರೇಟರ್, ರಾಡಾರ್, ಸೋನಾರ್, ಶೀತಲೀಕರಣ ಯಂತ್ರ - ಇವುಗಳ ಪಕ್ಕದಲ್ಲಿ ಹಗಲಿರುಳು ನಿಂತು, ಸದ್ದಿನಿಂದಲೇ ದೋಷವನ್ನು ಗುರುತಿಸಿ, ನಡುಗಡಲಿನಲ್ಲಿ ಬಿಡಿಭಾಗವಿಲ್ಲದಿದ್ದರೂ ಹೇಗೋ ದುರಸ್ತಿ ಮಾಡುವವನು ನಾವಿಕ. ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಮೆರೈನ್ ಇಂಜಿನಿಯರಿಂಗ್, ಜಾಮ್‌ನಗರದ ಐಎನ್‌ಎಸ್ ವಲ್ಸುರಾದಲ್ಲಿ ವಿದ್ಯುತ್ ತಂತ್ರಜ್ಞಾನ ಕಲಿತ ಆರ್ಟಿಫೈಸರ್‌ಗಳು ಡಿಪ್ಲೊಮಾ ಮಟ್ಟದ ಶಿಕ್ಷಣ ಪಡೆದವರು. ಅವರ ಕೈಗಳಿಗೆ ಯಂತ್ರ ಗೊತ್ತು. ಯಂತ್ರದ ಹಿಂದಿರುವ ಶಾಸ್ತ್ರದ ಹೊಸ್ತಿಲಿಗೂ ಅವರು ಬಂದು ನಿಂತಿದ್ದಾರೆ. ಬಾಗಿಲು ತೆರೆಯಬೇಕಾದದ್ದು ಅಲ್ಲಿಂದ ಮುಂದೆ.

ಇದು ಕೈಗೂಡುವ ಕಲ್ಪನೆಯೇ ಎಂದು ಕೇಳುವವರು ಅಮೆರಿಕದ ನೌಕಾಪಡೆಯ ಇತಿಹಾಸವನ್ನೊಮ್ಮೆ ನೋಡಬೇಕು. ಆ ದೇಶದ ಯುದ್ಧನೀತಿಯನ್ನು ಹೊಗಳುವ ಉದ್ದೇಶ ನಮಗಿಲ್ಲ. ಆದರೆ ಒಳ್ಳೆಯದು ಎಲ್ಲಿದ್ದರೂ ಕಲಿಯುವುದರಲ್ಲಿ ಅವಮಾನವಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಧಿಕಾರಿಗಳ ಕೊರತೆ ಎದುರಾದಾಗ ಅಲ್ಲಿನ ನೌಕಾಪಡೆ ವಿ-12 ಎಂಬ ಯೋಜನೆಯನ್ನು ಆರಂಭಿಸಿತು. 131 ಕಾಲೇಜು-ವಿಶ್ವವಿದ್ಯಾಲಯಗಳಲ್ಲಿ 1,25,000ಕ್ಕೂ ಹೆಚ್ಚು ಯುವಕರು ಓದಿದರು. ಅವರಲ್ಲಿ ಆಗಲೇ ಸಾಮಾನ್ಯ ನಾವಿಕರಾಗಿ ಸೇರಿದ್ದವರೂ ಇದ್ದರು.

ಸ್ಯಾಮ್ಯುಯೆಲ್ ಗ್ರೇವ್ಲಿ ಅಂಥವರಲ್ಲೊಬ್ಬರು. ವರ್ಜೀನಿಯಾದ ರಿಚ್‌ಮಂಡ್‌ನ ಈ ಕಪ್ಪು ವರ್ಣೀಯ ಯುವಕ 1942ರಲ್ಲಿ ನೌಕಾಪಡೆಗೆ ಸೇರಿದಾಗ ಎಂಜಿನ್ ಕೋಣೆಯ ಕೆಳದರ್ಜೆಯ ಕೆಲಸಕ್ಕೆ ತರಬೇತಿ ಪಡೆದರು. ಅದೇ ವರ್ಷದವರೆಗೆ ಆ ನೌಕಾಪಡೆ ಕಪ್ಪು ಜನರನ್ನು ಬಹುಮಟ್ಟಿಗೆ ಅಧಿಕಾರಿಗಳಿಗೆ ಊಟ ಬಡಿಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಸೀಮಿತಗೊಳಿಸಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ವಿ-12 ಯೋಜನೆಯ ಮೂಲಕ ಗ್ರೇವ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರಕ್ಕೆ ಹೋದರು, 1944ರ ಡಿಸೆಂಬರ್‌ನಲ್ಲಿ ಅಧಿಕಾರಿಯಾದರು. 1962ರಲ್ಲಿ ಯುದ್ಧನೌಕೆಯೊಂದರ ನಾಯಕರಾದರು, 1971ರಲ್ಲಿ ಅಡ್ಮಿರಲ್ ದರ್ಜೆಗೇರಿದ ಮೊದಲ ಕಪ್ಪು ವರ್ಣೀಯರಾದರು. 2010ರಲ್ಲಿ ಸೇವೆಗೆ ಸೇರಿದ ವಿಧ್ವಂಸಕ ನೌಕೆಯೊಂದು ಇಂದು ಅವರ ಹೆಸರನ್ನು ಹೊತ್ತಿದೆ. ವಿಶ್ವವಿದ್ಯಾಲಯದ ಬಾಗಿಲು ಅಂದು ತೆರೆಯದೇ ಇದ್ದಿದ್ದರೆ ಆ ಹೆಸರು ಎಂಜಿನ್ ಕೋಣೆಯ ಹಾಜರಿ ಪುಸ್ತಕದಲ್ಲಿಯೇ ಉಳಿದುಬಿಡುತ್ತಿತ್ತು.

ಅದೇ 1944ರ ಇನ್ನೊಂದು ಘಟನೆಯೂ ಸ್ಮರಣಾರ್ಹ. ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರದಲ್ಲಿ 16 ಮಂದಿ ಕಪ್ಪು ನಾವಿಕರನ್ನು ಅಧಿಕಾರಿ ತರಬೇತಿಗೆ ಆರಿಸಲಾಯಿತು. ಅವರು ರಾತ್ರಿಯಿಡೀ ಒಟ್ಟಾಗಿ ಕುಳಿತು ಓದಿದರು, ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಕಲಿಸಿದರು. ಫಲಿತಾಂಶ ಎಷ್ಟು ಉತ್ತಮವಾಗಿತ್ತೆಂದರೆ ಮೇಲಿನವರಿಗೆ ನಂಬಿಕೆ ಬರಲಿಲ್ಲ. ಮರುಪರೀಕ್ಷೆ ನಡೆಸಿದಾಗಲೂ ಅವರೇ ಮೇಲುಗೈ ಸಾಧಿಸಿದರು. ಹದಿನಾರೂ ಮಂದಿ ತೇರ್ಗಡೆಯಾದರೂ 13 ಮಂದಿಗೆ ಮಾತ್ರ ದರ್ಜೆ ದೊರೆಯಿತು. ಕೆಳಗಿನವನು ಕಲಿಯಲಾರ ಎಂಬ ಮಾತು ಎಷ್ಟು ಸಲ ಸುಳ್ಳಾದರೂ ಮೇಲಿನವರ ಬಾಯಿಂದ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಯುದ್ಧ ಮುಗಿಯಿತು, ಶೀತಲ ಸಮರ ಬಂತು. 1955ರ ಜನವರಿಯಲ್ಲಿ ಅಣುಶಕ್ತಿಯಿಂದ ಚಲಿಸುವ ಮೊದಲ ಜಲಾಂತರ್ಗಾಮಿ ನಾಟಿಲಸ್ ಸಮುದ್ರಕ್ಕಿಳಿದು ಹೊರಟಿತು. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಇಂತಹ ಕಾಲದಲ್ಲಿ ಅಕಾಡೆಮಿಯಿಂದ ಬರುವ ಅಧಿಕಾರಿಗಳಷ್ಟೇ ಸಾಲದೆಂದು ಅಮೆರಿಕದ ನೌಕಾಪಡೆಗೆ ಅರಿವಾಯಿತು. ಐವತ್ತರ ದಶಕದ ಕೊನೆಯಲ್ಲಿ ಅದು ಆರಂಭಿಸಿದ ಯೋಜನೆಯೊಂದು ಆಯ್ದ ನಾವಿಕರನ್ನು ನಾಗರಿಕ ವಿಶ್ವವಿದ್ಯಾಲಯಗಳಿಗೆ ಇಂಜಿನಿಯರಿಂಗ್, ವಿಜ್ಞಾನ ಮತ್ತು ಗಣಿತ ಪದವಿಗಾಗಿ ಕಳುಹಿಸಿತು. ಓದುವಷ್ಟು ಕಾಲವೂ ಅವರು ಸೇವೆಯಲ್ಲಿದ್ದವರೇ, ಸಂಬಳ ಪಡೆಯುವವರೇ. ಪದವಿಯ ಬಳಿಕ ಅವರು ಅಧಿಕಾರಿಗಳಾಗಿ ನೌಕೆಗೆ ಮರಳಿದರು. ಅರುವತ್ತರ ದಶಕದ ಅಂತ್ಯದಲ್ಲಿ ಇನ್ನೊಂದು ಯೋಜನೆ ಬಂತು. ಒಳ್ಳೆಯ ಶಾಲೆಯ ಭಾಗ್ಯವಿಲ್ಲದ, ವಿಶೇಷವಾಗಿ ಅಲ್ಪಸಂಖ್ಯಾತ ಸಮುದಾಯಗಳ ನಾವಿಕರನ್ನು ಕಾಲೇಜಿಗೆ ಕಳುಹಿಸುವ ಮೊದಲು ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್‌ನಲ್ಲಿ ಸಜ್ಜುಗೊಳಿಸುವುದು ಅದರ ಉದ್ದೇಶವಾಗಿತ್ತು. ಬಾಗಿಲು ತೆರೆದರಷ್ಟೇ ಸಾಲದು, ಬಾಗಿಲವರೆಗೆ ಬರಲು ಕೈಹಿಡಿಯಬೇಕು ಎಂಬ ವಿವೇಕ ಅದರಲ್ಲಿತ್ತು.

1994ರಲ್ಲಿ ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾದ ಜೆರೆಮಿ ಬೂರ್ಡಾ 1956ರಲ್ಲಿ ಸಾಮಾನ್ಯ ನಾವಿಕರಾಗಿ ಸೇರಿದವರು. ಕೆಳಗಿನ ಮೆಟ್ಟಿಲಿನಿಂದ ಆ ಸ್ಥಾನಕ್ಕೇರಿದವರಲ್ಲಿ ಅವರೇ ಮೊದಲಿಗರು. ‘ನಾವಿಕನಿಂದ ಅಡ್ಮಿರಲ್’ ಎಂಬ ಹೆಸರಿನ ಯೋಜನೆಗೆ ಮರುಜೀವ ನೀಡಿದವರೂ ಅವರೇ. ಮುಂದೆ ಹಳೆಯ ಹಲವು ಯೋಜನೆಗಳನ್ನು ಅದರೊಂದಿಗೆ ಸೇರಿಸಿ ‘ಇಪ್ಪತ್ತೊಂದನೆಯ ಶತಮಾನ’ದ ಹೆಸರಿನಲ್ಲಿ ವಿಸ್ತರಿಸಲಾಯಿತು. ಅದರ ನಿಯಮಗಳು ಸರಳ. ಆಯ್ಕೆಯಾದ ನಾವಿಕನು ಪೂರ್ಣ ವೇತನ ಪಡೆಯುತ್ತಲೇ ವಿಶ್ವವಿದ್ಯಾಲಯದಲ್ಲಿ ಪೂರ್ಣಕಾಲಿಕ ವಿದ್ಯಾರ್ಥಿಯಾಗುತ್ತಾನೆ. ಶುಲ್ಕ ಮತ್ತು ಪುಸ್ತಕಗಳಿಗೆಂದು ವರ್ಷಕ್ಕೆ 10,000 ಡಾಲರ್ ನಿಗದಿಯಾಗಿತ್ತು. ಬೇಸಿಗೆ ರಜೆಯಿಲ್ಲದೆ ಓದಿ 36 ತಿಂಗಳಲ್ಲಿ ಪದವಿ ಮುಗಿಸಬೇಕು. ಬಳಿಕ ಅಧಿಕಾರಿಯಾಗಿ ಕನಿಷ್ಠ ಐದು ವರ್ಷ ಸೇವೆ ಸಲ್ಲಿಸಬೇಕು. ಇದು ದಾನವಲ್ಲ, ಒಪ್ಪಂದ. ಎರಡೂ ಕಡೆಗೆ ಲಾಭವಿರುವುದರಿಂದಲೇ ಇದು ಬಾಳಿದೆ.

ನಮ್ಮ ದೇಶದಲ್ಲಿ ಬಾಗಿಲುಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಅರ್ಹ ನಾವಿಕರು ಆಯ್ಕೆ ಮಂಡಳಿಯ ಮುಂದೆ ಹಾಜರಾಗಿ ಅಧಿಕಾರಿಗಳಾಗುವ ಮಾರ್ಗವಿದೆ. ದೀರ್ಘ ಸೇವೆಯ ಬಳಿಕ ವಿಶೇಷ ಕರ್ತವ್ಯದ ಅಧಿಕಾರಿಗಳಾಗುವ ಅವಕಾಶವೂ ಇದೆ. ಭೂಸೇನೆಯಲ್ಲಂತೂ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನಲ್ಲಿ ಸಾಮಾನ್ಯ ಸೈನಿಕರು ಮೂರು ವರ್ಷ ಓದಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬಿಎ ಅಥವಾ ಬಿಎಸ್‌ಸಿ ಪದವಿ ಪಡೆದು ಅಧಿಕಾರಿ ತರಬೇತಿಗೆ ಹೋಗುವ ಉತ್ತಮ ಪರಂಪರೆಯಿದೆ. ಸಾಮಾನ್ಯ ಸೈನಿಕನನ್ನು ಓದಿಸಿ ಅಧಿಕಾರಿ ಮಾಡಬಹುದು ಎಂಬುದನ್ನು ನಮ್ಮದೇ ಸೇನೆ ದಶಕಗಳಿಂದ ತೋರಿಸಿಕೊಟ್ಟಿದೆ ಎಂದಾಯಿತು. ಹೀಗಿರುವಾಗ ತಂತ್ರಜ್ಞಾನವೇ ಜೀವಾಳವಾಗಿರುವ ನೌಕಾಪಡೆಯಲ್ಲಿ ಯಂತ್ರಗಳೊಂದಿಗೆ ಬದುಕುವ ನಾವಿಕನನ್ನು ಇಂಜಿನಿಯರಿಂಗ್ ಪದವಿಗೆ ಕಳುಹಿಸುವ ವಿಶಾಲವಾದ ರಾಜಮಾರ್ಗವನ್ನು ಯಾಕೆ ನಿರ್ಮಿಸಬಾರದು?

ಈ ಪ್ರಶ್ನೆ ಈಗ ಇನ್ನಷ್ಟು ತುರ್ತಿನದ್ದಾಗಿದೆ. 2022ರ ಜೂನ್ 14ರಂದು ಕೇಂದ್ರ ಸರಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ಮೊದಲು ನಾವಿಕನೊಬ್ಬ 15 ವರ್ಷಗಳ, ಆರ್ಟಿಫೈಸರ್ ಆಗಿದ್ದರೆ 20 ವರ್ಷಗಳ ಸೇವೆಗೆ ಸೇರುತ್ತಿದ್ದ. ಅಗ್ನಿವೀರನ ಸೇವೆ ನಾಲ್ಕೇ ವರ್ಷ. ಆ ಬಳಿಕ ಗರಿಷ್ಠ ಶೇ. 25 ಮಂದಿಗೆ ಮುಂದುವರಿಯುವ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ. ಪಿಂಚಣಿ ಇಲ್ಲ, ಗ್ರ್ಯಾಚುಯಿಟಿ ಇಲ್ಲ. ನೌಕಾಪಡೆಯ ಮೊದಲ ತಂಡದ ಸುಮಾರು 2,600 ಅಗ್ನಿವೀರರು 2023ರ ಮಾರ್ಚ್‌ನಲ್ಲಿ ಚಿಲ್ಕಾದಿಂದ ತರಬೇತಿ ಮುಗಿಸಿ ಹೊರಬಂದರು. ಅವರಲ್ಲಿ 270ಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. 2022ರ ಅಂತ್ಯದಲ್ಲಿ ಸೇರಿದ ಈ ತಂಡದ ನಾಲ್ಕು ವರ್ಷಗಳು ಪೂರ್ಣಗೊಳ್ಳುವುದು 2026ರ ಅಂತ್ಯಕ್ಕೆ. ಇಪ್ಪತ್ತೊಂದು-ಇಪ್ಪತ್ತೆರಡರ ವಯಸ್ಸಿನಲ್ಲಿ, ಓದುವ ವಯಸ್ಸನ್ನು ದೇಶಕ್ಕೆ ಕೊಟ್ಟು, ಕೈಯಲ್ಲಿ ಒಂದಿಷ್ಟು ಹಣ ಹಿಡಿದು ಹೊರಗೆ ನಿಲ್ಲುವ ಯುವಕ-ಯುವತಿಯರ ಮುಂದೆ ಯಾವ ದಾರಿಯಿದೆ?

ಸರಕಾರ ಉತ್ತರವನ್ನು ಯೋಚಿಸಿಯೇ ಇಲ್ಲವೆಂದಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಅಗ್ನಿವೀರರಿಗಾಗಿ ಮೂರು ವರ್ಷಗಳ ಕೌಶಲಾಧಾರಿತ ಪದವಿಯನ್ನು 2022ರಲ್ಲಿಯೇ ಘೋಷಿಸಲಾಯಿತು. ಸೇವೆಯಲ್ಲಿ ಪಡೆದ ತರಬೇತಿಗೆ ಅದರ ಅರ್ಧದಷ್ಟು ಅಂಕಭಾರ ಸಲ್ಲುತ್ತದೆ. ಇದು ಸ್ವಾಗತಾರ್ಹ. ಆದರೆ ದೂರಶಿಕ್ಷಣದ ಸಾಮಾನ್ಯ ಪದವಿಯೇ ಬೇರೆ, ಪ್ರಯೋಗಾಲಯ, ಕಾರ್ಯಾಗಾರ ಮತ್ತು ಅಧ್ಯಾಪಕರ ನಡುವೆ ಕುಳಿತು ಪಡೆಯುವ ಇಂಜಿನಿಯರಿಂಗ್ ಪದವಿಯೇ ಬೇರೆ. ಮೊದಲನೆಯದು ಅರ್ಜಿ ಹಾಕುವ ಅರ್ಹತೆಯನ್ನು ಕೊಡುತ್ತದೆ, ಎರಡನೆಯದು ಬದುಕಿನ ದಿಕ್ಕನ್ನೇ ಬದಲಿಸುತ್ತದೆ. ಗ್ಯಾಸ್ ಟರ್ಬೈನ್‌ನ ಪಕ್ಕದಲ್ಲಿ ನಾಲ್ಕು ವರ್ಷ ಕಳೆದವನನ್ನು ಕೊನೆಗೆ ಯಾವುದೋ ಮಳಿಗೆಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುವುದು ಆತನಿಗೆ ಮಾತ್ರವಲ್ಲ, ಆತನ ತರಬೇತಿಗೆ ಹಣ ವ್ಯಯಿಸಿದ ದೇಶಕ್ಕೂ ನಷ್ಟ.

ಆಕ್ಷೇಪಗಳನ್ನೂ ಪರಿಶೀಲಿಸೋಣ. ಮೂರು-ನಾಲ್ಕು ವರ್ಷ ನಾವಿಕನನ್ನು ಕಾಲೇಜಿಗೆ ಬಿಟ್ಟರೆ ನೌಕೆಯಲ್ಲಿ ಕೆಲಸ ಮಾಡುವವರು ಯಾರು ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ನುರಿತ ಕೈಯೊಂದು ಹೊರಹೋದರೆ ಉಳಿದವರ ಮೇಲೆ ಭಾರ ಬೀಳುತ್ತದೆ. ಆದರೆ ನಾವು ಕೇಳುತ್ತಿರುವುದು ಎಲ್ಲರನ್ನೂ ಕಳುಹಿಸಬೇಕೆಂದಲ್ಲ, ಪ್ರತಿವರ್ಷ ಸ್ಪರ್ಧೆಯಿಂದ ಆಯ್ದ ನಿಶ್ಚಿತ ಸಂಖ್ಯೆಯನ್ನು ಮಾತ್ರ. ನಾಲ್ಕು ವರ್ಷಕ್ಕೊಮ್ಮೆ ಮುಕ್ಕಾಲು ಪಾಲು ಮಂದಿಯನ್ನು ಮನೆಗೆ ಕಳುಹಿಸಲು ಸಿದ್ಧವಿರುವ ವ್ಯವಸ್ಥೆಗೆ ಕೆಲವೇ ಮಂದಿಯನ್ನು ಓದಲು ಕಳುಹಿಸುವುದು ಕಷ್ಟವೆನ್ನುವ ನೈತಿಕ ಹಕ್ಕಿಲ್ಲ.

ಪದವಿ ಪಡೆದ ಮೇಲೆ ಅವರು ಖಾಸಗಿ ಕಂಪೆನಿಗಳಿಗೆ ಹಾರಿಹೋಗುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಐದು ವರ್ಷಗಳ ಸೇವಾ ಕರಾರು ಇದಕ್ಕೆ ಉತ್ತರ. ಅದರ ಬಳಿಕವೂ ಹೋದರೆ, ಹೋಗಲಿ. ಹಡಗುಕಟ್ಟೆಗೋ, ವಿದ್ಯುತ್ ಸ್ಥಾವರಕ್ಕೋ, ರೈಲ್ವೆಗೋ ಒಬ್ಬ ಅನುಭವಿ ಇಂಜಿನಿಯರ್ ದೊರೆತರೆ ಅದು ದೇಶದ ಒಳಗೇ ಉಳಿಯುವ ಸಂಪತ್ತಲ್ಲವೇ?

ಮೂರನೆಯದು ಬಹಿರಂಗವಾಗಿ ಹೇಳದ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಆಕ್ಷೇಪ. ಕೆಳಗಿನಿಂದ ಬಂದವನು ಅಧಿಕಾರಿಗಳ ಪಂಕ್ತಿಯಲ್ಲಿ ಕುಳಿತರೆ ಅದರ ಘನತೆ ಕುಗ್ಗುತ್ತದೆ ಎಂಬ ಭಾವನೆ. ಇದರ ಬೇರು ಆಳದಲ್ಲಿದೆ. ಕೈಯಿಂದ ದುಡಿಯುವವನು ಬೇರೆ, ಗ್ರಂಥ ಹಿಡಿಯುವವನು ಬೇರೆ ಎಂದು ಶತಮಾನಗಳ ಕಾಲ ನಂಬಿಕೊಂಡು ಬಂದ ಸಮಾಜ ನಮ್ಮದು. ಲೋಹ ಕರಗಿಸಿದವನಿಗೆ ಲೋಹಶಾಸ್ತ್ರ ಓದಲು ಬಿಡಲಿಲ್ಲ, ದೋಣಿ ಕಟ್ಟಿದವನಿಗೆ ಗಣಿತ ಕಲಿಸಲಿಲ್ಲ. ಪರಿಣಾಮವಾಗಿ ಕೈಗೂ ಶಾಸ್ತ್ರಕ್ಕೂ ಸಂಬಂಧವೇ ಕಡಿದುಹೋಗಿ ಎರಡೂ ಬಡವಾದವು. ಆಂಗ್ಲರು ತಂದ ಅಧಿಕಾರಿ-ನಾವಿಕ ವಿಭಜನೆ ಈ ಹಳೆಯ ರೋಗದ ಮೇಲೆ ಸುಲಭವಾಗಿ ಕುಳಿತುಕೊಂಡಿತು.

ಈ ವಿಭಜನೆ ಅವಮಾನದೊಂದಿಗೆ ಬೆರೆತಾಗ ಏನಾಗುತ್ತದೆಂಬುದನ್ನು 1946 ತೋರಿಸಿಕೊಟ್ಟಿದೆ. ಆ ವರ್ಷದ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ಎಂಬ ನೌಕಾನೆಲೆಯಲ್ಲಿ ಭಾರತೀಯ ನಾವಿಕರು ಮುಷ್ಕರ ಹೂಡಿದರು. ಅದು ಸಂದೇಶ ವಿಭಾಗದ ತರಬೇತಿ ಕೇಂದ್ರ, ಅಲ್ಲಿದ್ದವರು ಓದುಬರಹ ಬಲ್ಲ ಯುವಕರು. ಹಾಳಾದ ಆಹಾರ ಮತ್ತು ಬಿಳಿಯ ಅಧಿಕಾರಿಯ ಜನಾಂಗೀಯ ಬೈಗುಳ ಅವರ ಸಹನೆಯ ಕಟ್ಟೆಯನ್ನೊಡೆಯಿತು. ಎಂ.ಎಸ್. ಖಾನ್ ಮತ್ತು ಮದನ್ ಸಿಂಗ್ ಅವರ ನೇತೃತ್ವದ ಆ ಹೋರಾಟ 78 ನೌಕೆಗಳಿಗೂ ಸುಮಾರು 20,000 ನಾವಿಕರಿಗೂ ಹಬ್ಬಿತು. ಕಲಿತ ಮನುಷ್ಯನನ್ನು ಕೀಳಾಗಿ ಕಾಣುವ ವ್ಯವಸ್ಥೆ ಬಹುಕಾಲ ಬಾಳುವುದಿಲ್ಲ ಎಂಬುದು ಅದರ ಪಾಠ. ಸ್ವತಂತ್ರ ಭಾರತದ ನೌಕಾಪಡೆ ಆ ದಿನಗಳಿಂದ ಬಹಳ ದೂರ ಬಂದಿದೆ, ನಿಜ. ಆದರೆ ಗೌರವದ ಅತ್ಯುನ್ನತ ರೂಪವೆಂದರೆ ಸೌಜನ್ಯದ ಮಾತಲ್ಲ, ಮೇಲೇರುವ ಅವಕಾಶ.

ಅಪಾಯದ ಹೊತ್ತಿನಲ್ಲಿ ಸಮುದ್ರ ದರ್ಜೆಯನ್ನು ಕೇಳುವುದಿಲ್ಲ. 2013ರ ಆಗಸ್ಟ್ 14ರಂದು ಮುಂಬಯಿಯಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡಾಗ ಅದರೊಳಗೆ ಸತ್ತ 18 ಮಂದಿಯಲ್ಲಿ ಮೂವರು ಅಧಿಕಾರಿಗಳು, 15 ಮಂದಿ ನಾವಿಕರು. ಸಾವಿನಲ್ಲಿ ಸಮಾನರಾಗಿದ್ದವರು ವಿದ್ಯೆಯ ಅವಕಾಶದಲ್ಲಿ ಅಸಮಾನರಾಗಿರುವುದನ್ನು ನ್ಯಾಯಪ್ರಜ್ಞೆಯುಳ್ಳ ಯಾವ ಮನಸ್ಸೂ ಒಪ್ಪಲಾರದು.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ವಿದ್ಯೆಯನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನಂತೆ ಬಳಸುವ ಅಪಾಯ ಇಂತಹ ಯೋಜನೆಗಳಲ್ಲಿ ಇದೆ. ಅಮೆರಿಕದಲ್ಲಿ 1944ರ ಕಾನೂನಿನ ನೆರವಿನಿಂದ 22 ಲಕ್ಷ ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಒಂದು ಪೀಳಿಗೆಯ ಬದುಕೇ ಬದಲಾಯಿತು. ಅದೇ ಹೊತ್ತಿಗೆ, ಕಾಲೇಜು ಶುಲ್ಕ ಕಟ್ಟಲಾರದ ಬಡವನ ಮಗನಿಗೆ ಬಂದೂಕು ಹಿಡಿಯುವುದೇ ವಿದ್ಯಾರ್ಥಿವೇತನ ಎಂಬ ಸ್ಥಿತಿಯೂ ಅಲ್ಲಿ ಬೆಳೆಯಿತು. ಶ್ರೀಮಂತರ ಮಕ್ಕಳು ನೇರವಾಗಿ ಓದಲಿ, ಬಡವರ ಮಕ್ಕಳು ಮೊದಲು ಪ್ರಾಣವನ್ನು ಪಣಕ್ಕಿಟ್ಟು ಆಮೇಲೆ ಓದಲಿ ಎನ್ನುವುದು ನ್ಯಾಯವಲ್ಲ. ಸರಕಾರಿ ಇಂಜಿನಿಯರಿಂಗ್ ಕಾಲೇಜುಗಳ ಶುಲ್ಕ ಬಡವನ ಕೈಗೆಟಕುವಂತಿರಬೇಕು, ವಿದ್ಯಾರ್ಥಿವೇತನ ಸಕಾಲದಲ್ಲಿ ದೊರೆಯಬೇಕು. ನಾವಿಕನ ಪದವಿ ಯೋಜನೆ ಇದರ ಜೊತೆಗೆ ಬರಬೇಕೇ ಹೊರತು ಇದಕ್ಕೆ ಬದಲಿಯಾಗಿ ಅಲ್ಲ.

ಕಾರ್ಯಸಾಧ್ಯವಾದ ಕೆಲವು ಸಲಹೆಗಳನ್ನು ನಾವು ಮುಂದಿಡಬಯಸುತ್ತೇವೆ. ಮೊದಲನೆಯದಾಗಿ, ಮೂರು ವರ್ಷ ಸೇವೆ ಸಲ್ಲಿಸಿದ ನಾವಿಕರಿಂದ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಆಯ್ದವರಿಗೆ ಎನ್‌ಐಟಿಗಳಲ್ಲಿ ಮತ್ತು ರಾಜ್ಯಗಳ ಸರಕಾರಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಬೇಕು. ಈಗಿರುವ ವಿದ್ಯಾರ್ಥಿಗಳ ಪಾಲನ್ನು ಕಸಿಯಬಾರದು. ಎರಡನೆಯದಾಗಿ, ಓದುವ ಅವಧಿಯಲ್ಲಿ ಪೂರ್ಣ ವೇತನ ಮುಂದುವರಿಯಬೇಕು. ನಾವಿಕನ ಸಂಬಳಕ್ಕೆ ಕಾದಿರುವ ಮನೆಯಿದೆ ಎಂಬುದನ್ನು ಮರೆತರೆ ಯೋಜನೆ ಕಾಗದದಲ್ಲಿಯೇ ಉಳಿಯುತ್ತದೆ. ಮೂರನೆಯದಾಗಿ, ಪುಸ್ತಕ ಬಿಟ್ಟು ವರ್ಷಗಳಾದವರಿಗೆ ಆರು ತಿಂಗಳ ಸೇತುಬಂಧ ತರಗತಿಗಳಿರಬೇಕು. ಗಣಿತದ ಭಯದಿಂದಲೇ ಪ್ರತಿಭಾವಂತರು ಹಿಂದೆ ಸರಿಯಬಾರದು. ನಾಲ್ಕನೆಯದಾಗಿ, ಐಎನ್‌ಎಸ್ ಶಿವಾಜಿ ಮತ್ತು ವಲ್ಸುರಾಗಳ ತರಬೇತಿಗೆ ವಿಶ್ವವಿದ್ಯಾಲಯಗಳು ತಕ್ಕ ಮಾನ್ಯತೆ ನೀಡಬೇಕು. ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರುವ ವ್ಯವಸ್ಥೆ ಕರ್ನಾಟಕದಲ್ಲಿ ಈಗಾಗಲೇ ಇದೆ. ಅದೇ ಬಾಗಿಲನ್ನು ನಾವಿಕನಿಗೂ ಸ್ವಲ್ಪ ಅಗಲಿಸಿದರಾಯಿತು. ಐದನೆಯದಾಗಿ, ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರ ಇಂಜಿನಿಯರಿಂಗ್ ಶುಲ್ಕವನ್ನು ಸರಕಾರವೇ ಭರಿಸಬೇಕು. ಅವರ ಸೇವಾನಿಧಿ ಕಾಲೇಜು ಶುಲ್ಕದಲ್ಲಿಯೇ ಕರಗಿಹೋಗಬಾರದು.

ಕರ್ನಾಟಕಕ್ಕೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಕಾರವಾರದಲ್ಲಿ 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಊರು, ಹೊಲ, ಮೀನುಗಾರಿಕೆಯ ತೀರ ಬಿಟ್ಟುಕೊಟ್ಟಿವೆ. ಆ ನೆಲೆಯ ಪಕ್ಕದಲ್ಲಿಯೇ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಕರಾವಳಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಬಂದರೆ ಸುರತ್ಕಲ್‌ನ ಎನ್‌ಐಟಿಯಿದೆ. ನೌಕಾನೆಲೆ ಮತ್ತು ಕಾಲೇಜು ಒಂದೇ ಕಡಲನ್ನು ನೋಡುತ್ತಿವೆ, ಆದರೆ ಒಂದನ್ನೊಂದು ನೋಡುತ್ತಿಲ್ಲ. ರಾಜ್ಯ ಸರಕಾರವೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಮನಸ್ಸು ಮಾಡಿದರೆ ಪ್ರಾಯೋಗಿಕವಾಗಿ ಇಲ್ಲಿಂದಲೇ ಆರಂಭಿಸಬಹುದು. ದೊಡ್ಡ ಘೋಷಣೆ ಬೇಕಿಲ್ಲ, ಮೊದಲ ವರ್ಷ ಐವತ್ತು ಸೀಟು ಸಾಕು.

ಒಂದು ದೇಶದ ಶಕ್ತಿಯನ್ನು ಅದು ಕಟ್ಟುವ ನೌಕೆಗಳ ತೂಕದಿಂದ ಅಳೆಯುವವರಿದ್ದಾರೆ. ಆ ನೌಕೆಯ ತಳದಲ್ಲಿ, ಎಂಜಿನ್ನಿನ ಬಿಸಿಯಲ್ಲಿ ಬೆವರುವವನು ಎಷ್ಟು ಮೇಲೇರಬಲ್ಲ ಎಂಬುದರಿಂದ ನಾವು ಅದನ್ನು ಅಳೆಯಬಯಸುತ್ತೇವೆ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ದೇಶ ಸಲ್ಲಿಸಬೇಕಾದ ಋಣವನ್ನು ಪದಕಗಳಿಂದ, ಭಾಷಣಗಳಿಂದ ತೀರಿಸಲಾಗದು. ಏಣಿಯನ್ನು ಅವನ ಕೈಗೆಟಕುವಲ್ಲಿ ಇಟ್ಟರೆ ಹತ್ತುವ ಶ್ರಮವನ್ನು ಅವನೇ ಪಡುತ್ತಾನೆ. ಸಂಸತ್ತಿನಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವವರು ಈ ಬೇಡಿಕೆಯನ್ನು ಎತ್ತಲಿ, ರಕ್ಷಣಾ ಸಚಿವಾಲಯ ಅದಕ್ಕೆ ಕಿವಿಗೊಡಲಿ. ಮೊದಲ ತಂಡದ ಅಗ್ನಿವೀರರು ಮನೆಯ ದಾರಿ ಹಿಡಿಯುವ ಹೊತ್ತಿಗಾದರೂ ಅವರಿಗೆ ಕಾಲೇಜಿನ ದಾರಿಯೊಂದು ಕಾಣಿಸುವಂತಾಗಲಿ.